ಎರಡನೇ ಸಾಲಿನ ಮೂರನೆಯವಳು

ಹೊಸನಗರ
21 ಜನವರಿ 2024, ಭಾನುವಾರ

ಸುಚಿತ್ರತ್ತಿಗೆಗೆ ನಮಸ್ಕಾರ.

ಕಳೆದ ಭಾನುವಾರ ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಗೆ ಹೋಗಿದ್ದೆ. ಬ್ಯಾಂಕಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೂರುವ ಶ್ರೀರಂಗನ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಕರೆದದ್ದು ಊಟಕ್ಕೆ, ಕ್ಯಾಮೆರಾ ನಾನಾಗಿ ಒಯ್ದದ್ದು. ಊಟವಾದ ಮೇಲೆ ಅವನ ತಾಯಿ ವಾಗ್ದೇವಿಯಮ್ಮ ಮಾತಿಗೆ ಸಿಕ್ಕರು. ಎಂಬತ್ತು ದಾಟಿದ್ದಾರೆ, ಕಿವಿ ಮಂದ. ಹಿಂದೆ ತಮ್ಮ ಜಗಲಿಯಲ್ಲಿ ಸುತ್ತಲಿನ ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದೆ ಅಂದರು. ನನಗೆ ತಟ್ಟನೆ ನಮ್ಮ ಅಜ್ಜಿಯ ಮಾತು ನೆನಪಾಯಿತು. 'ನಮ್ ವರದ ಮೇಳಿಗೇಲಿ ಹೊಲಿಗೆ ಕಲ್ತಿದ್ಲು' ಎಂದು ಆಕೆ ಹೇಳುವುದನ್ನು ನೀವೂ ಕೇಳಿದ್ದೀರಿ.

ಅತ್ತಿಗೆ, ಅದು ಇದೇ ಮನೆ. 1983ರಲ್ಲಿ ಕ್ಲಾಸು ಮುಗಿದಾಗ ಅಂಗಳದಲ್ಲಿ ತೆಗೆದ ಗುಂಪಿನ ಫೋಟೊ ಇನ್ನೂ ಅವರ ಗೋಡೆಯ ಮೇಲಿದೆ. ಶ್ರೀರಂಗನ ಹೆಂಡತಿ ಗಾನವಿ ಅದನ್ನು ಇಳಿಸಿಕೊಟ್ಟು ಕಾಫಿ ಮಾಡಲು ಒಳಗೆ ಹೋದರು. ವಾಗ್ದೇವಿಯಮ್ಮ ನಿಮ್ಮ ತಾಯಿಯನ್ನು ಬೆರಳಿಟ್ಟು ತೋರಿಸಿದರು. ಎರಡನೇ ಸಾಲಿನಲ್ಲಿ ಎಡದಿಂದ ಮೂರನೆಯವರು.

ವರದತ್ತೆ ತೀರಿಕೊಂಡಾಗ ನಿಮಗೆ ಎರಡು ವರ್ಷ, ನಾನು ಹುಟ್ಟಿರಲೇ ಇಲ್ಲ. ಅಕ್ಕನದ್ದೆಂದು ಇದ್ದ ಒಂದೇ ಮದುವೆಯ ಫೋಟೊ ನಿಮ್ಮ ತಂದೆಯ ಮನೆಯ ಗೆದ್ದಲಿಗೆ ಹೋಯಿತು ಎಂದು ಅಪ್ಪ ಹೇಳುತ್ತಿದ್ದರು. ಈಗ ಒಂದು ಸಿಕ್ಕಿದೆ. ಆ ಮುಖವನ್ನಷ್ಟೇ ದೊಡ್ಡದು ಮಾಡಿ ಪ್ರಿಂಟ್ ಹಾಕಿಸಿ ಇದರೊಂದಿಗೆ ಇಟ್ಟಿದ್ದೇನೆ. ಫೋಟೊಗಳನ್ನು ಫೋನಿಗೆ ಕಳಿಸಬೇಡ, ಕೈಯಲ್ಲಿ ಹಿಡಿಯುವಂಥದ್ದು ಕಳಿಸು ಎಂದು ನೀವು ಹೇಳಿದ್ದು ಮರೆತಿಲ್ಲ.

ನೋಡಿ ಬರೆಯಿರಿ.

ನಿರಂಜನ


ಬೀದರ್
3 ಫೆಬ್ರವರಿ 2024

ನಿರಂಜನನಿಗೆ,

ಲಕೋಟೆ ಬಂದು ಎರಡು ದಿನವಾಗಿತ್ತು. ಕಾಲೇಜಿನ ಗ್ರಂಥಾಲಯದಲ್ಲಿ ನನ್ನ ಮೇಜಿನ ಡ್ರಾಯರಿನಲ್ಲೇ ಇಟ್ಟುಕೊಂಡಿದ್ದೆ. ಇವತ್ತು ಮನೆಗೆ ತಂದು ಒಡೆದೆ.

ಮೂವತ್ತೊಂಬತ್ತು ವರ್ಷಕ್ಕೆ ತಾಯಿಯನ್ನು ಮೊದಲ ಸಲ ನೋಡುವವಳು ಏನು ಮಾಡಬೇಕೆಂದು ನನಗೆ ತಿಳಿದಿರಲಿಲ್ಲ. ಕನ್ನಡಿ ತಂದು ಪಕ್ಕದಲ್ಲಿಟ್ಟುಕೊಂಡೆ. ನನ್ನ ಕಿವಿಯ ತುದಿ ಕೆನ್ನೆಗೆ ಅಂಟಿಕೊಂಡಿದೆ, ಆಕೆಯದ್ದು ಬಿಡಿಯಾಗಿದೆ. ಗದ್ದವೂ ಬೇರೆ. ಇದರಿಂದ ಏನೂ ತೀರ್ಮಾನವಾಗುವುದಿಲ್ಲ, ಕಿವಿ ತಂದೆಯ ಕಡೆಯಿಂದಲೂ ಬರುತ್ತದೆ. ಆಕೆ ಕ್ಯಾಮೆರಾವನ್ನು ನೋಡುತ್ತಿರುವ ರೀತಿ ಮಾತ್ರ ಕುತೂಹಲ ಹುಟ್ಟಿಸುತ್ತದೆ. ನಗು ತಡೆದುಕೊಂಡ ಹಾಗಿದೆ. ಯಾರನ್ನು ಕಂಡು?

ಒಂದು ವಿಷಯ. ನಾನು ಓದುವುದು ಹೆಚ್ಚಾಗಿ ಅನುವಾದಗೊಂಡ ಕಾದಂಬರಿಗಳನ್ನು. ವಾಕ್ಯವೊಂದು ಕುಂಟಿದರೆ ಮೂಲದಲ್ಲಿ ಯಾವ ಪದವಿತ್ತೋ ಎಂದು ನಿಲ್ಲುವುದು ಅಭ್ಯಾಸವಾಗಿಬಿಟ್ಟಿದೆ. 'ಬೆರಳಿಟ್ಟು ತೋರಿಸಿದರು' ಎಂದು ನೀನು ಬರೆದಿದ್ದೀಯ. ಅದು ನಿನ್ನ ಮಾತು. ಅವರು ಏನೆಂದರು? ಅವರ ಬಾಯಲ್ಲಿ ಬಂದ ಹಾಗೆಯೇ ಬರೆ. ಗುಂಪಿನ ಪೂರ್ತಿ ಫೋಟೊದ ಪ್ರತಿಯೂ ಬೇಕು.

ನಿನಗೆ ಥ್ಯಾಂಕ್ಸ್ ಹೇಳುವುದು ಹೇಗೆಂದು ಯೋಚಿಸಿದೆ, ಸರಿಯಾದ ವಾಕ್ಯ ಸಿಗಲಿಲ್ಲ.

ಸುಚಿತ್ರಾ


ಹೊಸನಗರ
18 ಫೆಬ್ರವರಿ 2024

ಅತ್ತಿಗೆಗೆ,

ನೀವು ಇಲ್ಲಿರಬೇಕಿತ್ತು. ಮೊನ್ನೆ ಸುನಿಲನ ಮಗಳ ನಾಮಕರಣ. ತಮ್ಮನ ಮನೆಯ ಮೊದಲ ಮಗು ಎಂದು ಎಲ್ಲರೂ ಸೇರಿದ್ದರು. ಆ ಮುಖವನ್ನು ಇನ್ನೂ ದೊಡ್ಡದು ಮಾಡಿಸಿ, ತೇಗದ ಫ್ರೇಮು ಹಾಕಿಸಿ, ಯಾರಿಗೂ ಹೇಳದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದೆ. ತೊಟ್ಟಿಲ ಶಾಸ್ತ್ರ ಮುಗಿದ ಮೇಲೆ ಅಜ್ಜಿಯ ಮಡಿಲಲ್ಲಿ ಇಟ್ಟೆ.

ಅಜ್ಜಿಗೆ ಈಗ ಬೆಳಕು ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ. ಗಾಜಿನ ಮೇಲೆ ಅಂಗೈ ಆಡಿಸಿದಳು. ಯಾರು ಎಂದು ಹೇಳಿದೆ.

'ಜಡೆ ಒಂದಾ ಎಲ್ಡಾ?'

'ಎರಡು ಅಜ್ಜಿ.'

'ರಿಬ್ಬನ್ ಕಟ್ಯಾಳಾ?'

'ಕಟ್ಟಿದ್ದಾರೆ.'

'ನಾನೇ ಕಟ್ತಿದ್ದೆ. ಬಸ್ಸಿಗೆ ತಡ ಆಗ್ತದೆ ಬಿಡೇ ಅಂತಿದ್ಲು' ಅಂದಳು. ಆಮೇಲೆ ತೊಟ್ಟಿಲಿಗೆ ಕಟ್ಟಿದ್ದ ಸೇವಂತಿಗೆ ಮಾಲೆಯಲ್ಲಿ ಒಂದನ್ನು ಬಿಚ್ಚಿಸಿ ಫ್ರೇಮಿಗೆ ತಾನೇ ಹಾಕಿದಳು. ಈಗ ಅದು ಅವಳ ಮಂಚದ ಪಕ್ಕದ ಗೋಡೆಯಲ್ಲಿದೆ. ಬೆಳಗ್ಗೆ ಎದ್ದವಳೇ ಹೂವಿದೆಯೋ ಇಲ್ಲವೋ ಎಂದು ಮುಟ್ಟಿ ನೋಡುತ್ತಾಳೆ, ಬಾಡಿದ್ದರೆ ಬದಲಿಸಬೇಕು. ಅಪ್ಪ ಬಹಳ ಹೊತ್ತು ನೋಡಿದರು. 'ಫ್ರೇಮು ಚೆನ್ನಾಗಿದೆ' ಎಂದಷ್ಟೇ ಹೇಳಿ ಬಡಿಸಲು ಹೋದರು. ಅವರ ಸ್ವಭಾವ ನಿಮಗೆ ಗೊತ್ತಲ್ಲ.

ನೀವು ಕೇಳಿದ್ದು. ನಾನು ಜೋರಾಗಿ ಎರಡು ಸಲ, 'ಅಮ್ಮಾ, ಇದರಲ್ಲಿ ವರದಮ್ಮ ಎಲ್ಲಿದ್ದಾರೆ?' ಅಂದೆ. ಅವರು 'ವರದಾ? ವರದಾ' ಎನ್ನುತ್ತ ಬೆರಳನ್ನು ಮೇಲಿನ ಸಾಲಿನಿಂದ ನಿಧಾನವಾಗಿ ತಂದರು. ಎರಡನೇ ಸಾಲಿನ ಮೂರನೆಯವರ ಮೇಲೆ ಬೆರಳು ನಿಂತಿತು. 'ಅದು ಇಲ್ಲೇ' ಅಂದರು. ಅಷ್ಟೇ. ಅವರದ್ದು ಹವ್ಯಕರ ಮನೆಮಾತು. ದಾವಣಗೆರೆಯಲ್ಲಿ ಬೆಳೆದು ಮೂರು ವರ್ಷದ ಹಿಂದೆ ಇಲ್ಲಿಗೆ ಬಂದ ನನಗೆ ಅದು ಸರಿಯಾಗಿ ತಿಳಿಯದು. ಆದರೆ ಇಷ್ಟು ಯಾರಿಗೂ ತಿಳಿಯುತ್ತದೆ.

ಗುಂಪಿನ ಫೋಟೊ ಇಟ್ಟಿದ್ದೇನೆ. ಮಧ್ಯದಲ್ಲಿ ಹೊಲಿಗೆ ಯಂತ್ರ, ಅದರ ಹಿಂದೆ ಕುರ್ಚಿಯಲ್ಲಿ ವಾಗ್ದೇವಿಯಮ್ಮ ಮತ್ತು ಅವರ ಯಜಮಾನರು ಗಣೇಶಮೂರ್ತಿ. ಯಜಮಾನರು ಈಗಿಲ್ಲ. ಹುಡುಗಿಯರೆಲ್ಲ ತಾವೇ ಹೊಲಿದ ಪಫ್ ತೋಳಿನ ರವಿಕೆ ತೊಟ್ಟಿದ್ದಾರೆ. ಹಳೆಯ ಕಲೆಗಳನ್ನು ಅಳಿಸಿ ಅಂಚು ಸರಿ ಮಾಡಿದ್ದೇನೆ. ನಾಮಕರಣದ ಕೆಲವು ಫೋಟೊಗಳೂ ಇವೆ. ಮಗುವಿಗೆ ಶಿಲ್ಪಶ್ರೀ ಎಂದು ಹೆಸರು.

ನಿರಂಜನ


ಬೀದರ್
2 ಮಾರ್ಚ್ 2024

ನಿರಂಜನನಿಗೆ,

ಶಿಲ್ಪಶ್ರೀ ಆಕಳಿಸುತ್ತಿರುವ ಫೋಟೊ ಚೆನ್ನಾಗಿದೆ. ಅಜ್ಜಿಯ ಅಂಗೈ ಗಾಜಿನ ಮೇಲಿರುವುದನ್ನು ನೀನು ತೆಗೆಯಬಾರದಿತ್ತು ಅನ್ನಿಸಿತು. ತೆಗೆದದ್ದರಿಂದಲೇ ನಾನು ನೋಡಿದೆ ಎಂಬುದೂ ನಿಜ.

'ಇಲ್ಲೇ' ಎಂದು ದೀರ್ಘ ಹಾಕಿ ಬರೆದಿದ್ದೀಯ. ಅವರು ಅಂದದ್ದು ದೀರ್ಘವೋ ಹ್ರಸ್ವವೋ? ನೆನಪಿಸಿಕೊಂಡು ಬರೆ.

ಸಾಧ್ಯವಾದರೆ ಇನ್ನೊಂದು ಸಲ ಮೇಳಿಗೆಗೆ ಹೋಗು. ವರದಮ್ಮ ಎಲ್ಲಿ ಎಂದು ಕೇಳಬೇಡ. ಎಡದಿಂದ ಒಬ್ಬೊಬ್ಬರ ಹೆಸರು ಹೇಳಿ ಎಂದು ಕೇಳು. ಗಾನವಿಯವರು ಪಕ್ಕದಲ್ಲಿರಲಿ.

ಅವಸರವಿಲ್ಲ.

ಸುಚಿತ್ರಾ


ಹೊಸನಗರ
24 ಮಾರ್ಚ್ 2024

ಅತ್ತಿಗೆಗೆ ನಮಸ್ಕಾರ.

ಕಳೆದ ವಾರ ಮನೆಯವರನ್ನೆಲ್ಲ ಕರೆದುಕೊಂಡು ಸಿಗಂದೂರಿಗೆ ಹೋಗಿದ್ದೆವು. ನೀರು ದಾಟಿಸುವ ಲಾಂಚಿನ ತುಂಬ ಜನ, ಕಾರು, ಒಂದು ಮದುವೆ ದಿಬ್ಬಣದ ಟೆಂಪೊ. ಹಿನ್ನೀರಿನ ಮಧ್ಯೆ ಹೊಸ ಸೇತುವೆಯ ಕಂಬಗಳು ನಿಂತಿವೆ. ಎಲ್ಲರ ಫೋನುಗಳೂ ಆ ಕಡೆಗೆ. ನಾನು ಹಿಂದೆ ನಿಂತು ಫೋನು ಹಿಡಿದವರ ಬೆನ್ನುಗಳನ್ನು ತೆಗೆಯುತ್ತಿದ್ದೆ. ಕೆರಿಯಪ್ಪ ಎಂಬ ಮುದುಕರು ತಿರುಗಿ ನೋಡಿ, 'ಬೆನ್ನು ತಗೊಂಡು ಎಂತ ಮಾಡ್ತಿಯಾ ಮಾರಾಯ? ಮುಖ ಚೆನಾಗಿಲ್ವಾ ನಂದು?' ಅಂದರು. ಮುಖವನ್ನೂ ತೆಗೆದೆ. ಬಂದು ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರೆ ಬೆನ್ನೇ ಹೆಚ್ಚು ಚೆನ್ನಾಗಿದೆ. ಮುಖ ಕ್ಯಾಮೆರಾಕ್ಕೆ ಸಿದ್ಧವಾಗಿಬಿಡುತ್ತದೆ, ಬೆನ್ನಿಗೆ ಅದು ಗೊತ್ತಾಗುವುದಿಲ್ಲ. ಇಂಥದ್ದನ್ನು ಯೋಚಿಸುತ್ತ ತಾಳಗುಪ್ಪದ ಕಡೆಯಿಂದ ಸುತ್ತಿ ಮನೆಗೆ ಬಂದೆವು.

ನೀವು ಕೇಳಿದ ಹ್ರಸ್ವ ದೀರ್ಘದ ಬಗ್ಗೆ. ಎರಡು ತಿಂಗಳ ಹಿಂದೆ ಕಿವಿ ಮಂದವಾದ ಅಜ್ಜಿಯೊಬ್ಬರು ಅಂದ ಮಾತು. ನಾನೇನು ರೆಕಾರ್ಡ್ ಮಾಡಿಕೊಂಡಿದ್ದೆನೇ? ಅತ್ತಿಗೆ, ತಪ್ಪು ತಿಳಿಯಬೇಡಿ, ನೀವು ಕಿವಿಯ ತುದಿ ನೋಡಿದಿರಿ, ಗದ್ದ ನೋಡಿದಿರಿ, ಈಗ ದೀರ್ಘ ನೋಡುತ್ತಿದ್ದೀರಿ. ಸಿಕ್ಕಿದ್ದಕ್ಕೆ ಸಂತೋಷಪಡುವುದು ಅಷ್ಟು ಕಷ್ಟವೇ? ಅಜ್ಜಿ ಈಗ ಮೊದಲಿನ ಹಾಗೆ ರಾತ್ರಿ ಎದ್ದು ಕೂರುವುದಿಲ್ಲ. ನನಗೆ ಅಷ್ಟು ಸಾಕು.

ಮೇಳಿಗೆಗೆ ಹೋಗುವುದು ಸದ್ಯಕ್ಕೆ ಆಗಲಿಕ್ಕಿಲ್ಲ. ಮಾರ್ಚ್ ಕೊನೆ, ಬ್ಯಾಂಕಿನ ಕೆಲಸ ನಿಮಗೆ ಗೊತ್ತು.

ಈ ಸಲ ಫೋಟೊ ಇಟ್ಟಿಲ್ಲ.

ನಿರಂಜನ


ಬೀದರ್
6 ಏಪ್ರಿಲ್ 2024

ನಿರಂಜನ,

ಕೋಪ ಬಂದದ್ದು ಸರಿ. ನಾನು ಕಾರಣ ಹೇಳದೆ ಪ್ರಶ್ನೆ ಕೇಳಿದೆ. ಈಗ ಹೇಳುತ್ತೇನೆ, ಕೂತು ಓದು.

ಸಾಗರದ ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದವಳು ಪ್ರತಿಮಾ, ಹವ್ಯಕರ ಹುಡುಗಿ. ಮೊದಲ ವಾರ ಒಂದು ಬೆಳಗ್ಗೆ 'ಬಕೆಟ್ ಎಲ್ಲಿ?' ಎಂದು ಕೇಳಿದೆ. ಹಲ್ಲುಜ್ಜುತ್ತ ಮೂಲೆಯ ಕಡೆ ನೋಡಿ 'ಇಲ್ಲೆ' ಅಂದಳು. ಆ ಮೂಲೆಯಲ್ಲಿ, ಬಾಗಿಲ ಹಿಂದೆ, ಮಂಚದ ಕೆಳಗೆ ಎಲ್ಲ ಹುಡುಕಿದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡುತ್ತಿದ್ದಳು. ಅವರ ಮಾತಿನಲ್ಲಿ 'ಇಲ್ಲೆ' ಎಂದರೆ ಇಲ್ಲ. ಇನ್ನೊಂದು. ತನ್ನ ತಾಯಿಯ ಬಗ್ಗೆ ಹೇಳುವಾಗಲೂ ಅವಳು 'ಅದು ಬತ್ತು', ಅಂದರೆ ಅದು ಬರುತ್ತದೆ, ಅನ್ನುತ್ತಿದ್ದಳು. ಎಂಥ ಮರ್ಯಾದೆ ಇಲ್ಲದವಳು ಎಂದುಕೊಂಡಿದ್ದೆ. ಅಲ್ಲಿ ಹೆಂಗಸರಿಗೆ ಪ್ರೀತಿಯಿಂದಲೇ 'ಅದು' ಎನ್ನುತ್ತಾರೆ.

ವಾಗ್ದೇವಿಯಮ್ಮ ಹೇಳಿದ್ದನ್ನು ಈಗ ಮತ್ತೆ ಓದು. ನೀನು ಕೇಳಿಸಿಕೊಂಡದ್ದು 'ಆ ಮುಖ ಇಲ್ಲೇ ಇದೆ' ಎಂದು. ಅವರು ಹೇಳಿದ್ದು 'ಅವಳು ಇದರಲ್ಲಿ ಇಲ್ಲ' ಎಂದು ಇರಬಹುದು.

ಫೆಬ್ರವರಿಯ ನಿನ್ನ ಕಾಗದ ಓದಿದ ದಿನವೇ ನನಗೆ ಹೀಗೆ ಅನ್ನಿಸಿತ್ತು. ಬರೆಯಲಿಲ್ಲ. ಅಜ್ಜಿ ಹೂ ಹಾಕಿದ್ದು ಒಂದು ಕಾರಣ. ಇನ್ನೊಂದು ಕಾರಣ ನನ್ನದೇ. ಆ ಹುಡುಗಿ ಬೈತಲೆಯನ್ನು ಸ್ವಲ್ಪ ಎಡಕ್ಕೆ ತೆಗೆದಿದ್ದಾಳೆ. ಫೋಟೊ ಬಂದ ವಾರದಿಂದ ನಾನೂ ಹಾಗೆ ತೆಗೆದುಕೊಳ್ಳುತ್ತಿದ್ದೆ. ಈಗ ಬಿಟ್ಟಿದ್ದೇನೆ, ಆದರೆ ಕೈ ಇನ್ನೂ ಆ ಕಡೆಗೇ ಹೋಗುತ್ತದೆ.

ನನ್ನ ಊಹೆ ತಪ್ಪಾಗಿರಲಿ ಎಂದೇ ಆಸೆ. ಹೋಗಿ ಕೇಳಿ ಬಾ. ಉತ್ತರ ಏನೇ ಇದ್ದರೂ ಪೂರ್ತಿ ಬರೆ.

ಸುಚಿತ್ರಾ


ಹೊಸನಗರ
28 ಏಪ್ರಿಲ್ 2024

ಅತ್ತಿಗೆಗೆ,

ನೀವು ಹೇಳಿದ್ದು ಸರಿ. ಅದು ಅವರಲ್ಲ.

ನಿನ್ನೆ ಮೇಳಿಗೆಗೆ ಹೋಗಿದ್ದೆ. ಊಟಕ್ಕೆ ಕೂರಿಸಿದರು. ನಡುವೆ ಶ್ರೀರಂಗ ಒಳಗೆ ನೋಡಿ 'ಮಜ್ಜಿಗೆ ಇದ್ದಾ?' ಎಂದು ಕೇಳಿದ. ಗಾನವಿ 'ಇಲ್ಲೆ' ಅಂದರು. ಆ ಮಾತನ್ನು ಕೇಳಿದ್ದು ಅದೇ ಮೊದಲಲ್ಲ, ಗಮನಿಸಿದ್ದು ಮೊದಲು. ಹ್ರಸ್ವ ಅತ್ತಿಗೆ, ಕತ್ತರಿಸಿದ ಹಾಗೆ. ವಿಷಯ ಹೇಳಿದಾಗ ಶ್ರೀರಂಗ ಮೊದಲು ನಕ್ಕ. 'ಮೂರು ವರ್ಷ ನನ್ನ ಪಕ್ಕ ಕೂತೂ ಇಷ್ಟು ಕಲೀಲಿಲ್ವಲ್ಲ ನೀನು' ಅಂದ. ಬ್ಯಾಂಕಿನಲ್ಲಿ ಅವನು ನಮ್ಮೆಲ್ಲರ ಹಾಗೆಯೇ ಮಾತಾಡುತ್ತಾನೆ, ನಾನು ಎಲ್ಲಿ ಕಲಿಯಲಿ? ಫ್ರೇಮು, ಅಜ್ಜಿ, ಹೂವಿನ ಮಾಲೆ ಎಲ್ಲ ಹೇಳಿದ ಮೇಲೆ ಅವನ ನಗು ನಿಂತಿತು.

ಗಾನವಿ ಫೋಟೊ ಇಳಿಸಿ ಅತ್ತೆಯ ಪಕ್ಕದಲ್ಲಿ ಕೂತು, ಎಡದಿಂದ ಒಬ್ಬೊಬ್ಬರನ್ನೇ ಕಿವಿಯ ಹತ್ತಿರ ಹೇಳಿ ಕೇಳಿದರು. ಎರಡನೇ ಸಾಲಿನ ಮೂರನೆಯವರು ಯಮುನಮ್ಮ. ಬದುಕಿದ್ದಾರೆ. ಸಾಗರದ ಪೇಟೆಯಲ್ಲಿ ಟೈಲರಿಂಗ್ ಅಂಗಡಿ ಇಟ್ಟಿದ್ದಾರೆ. ಅವತ್ತು ಬೆರಳು ಅವರ ಮೇಲೆಯೇ ಏಕೆ ನಿಂತಿತು ಎಂದು ಕೇಳಿಸಿದೆ. ಯಮುನೆಯ ರವಿಕೆಯ ಎಡ ತೋಳು ಸುಕ್ಕು ಬಿದ್ದಿದೆ, ಬಿಚ್ಚಿ ಹೊಲಿ ಎಂದರೆ ಕೇಳಲಿಲ್ಲ, ಫೋಟೊ ನೋಡಿದಾಗೆಲ್ಲ ಕಣ್ಣು ಅಲ್ಲಿಗೇ ಹೋಗುತ್ತದೆ ಎಂದರು. ಅಷ್ಟೇ ಕಾರಣ.

ಹಾಗಾದರೆ ವರದಮ್ಮ ಕ್ಲಾಸಿಗೆ ಬಂದದ್ದೇ ಸುಳ್ಳೇ ಎಂದು ಕೇಳಿದೆ. ವಾಗ್ದೇವಿಯಮ್ಮ ಸೊಸೆಯ ಕಡೆ ತಿರುಗಿ, ಇವನಿಗೆ ಇಷ್ಟೂ ಗೊತ್ತಿಲ್ಲವೇ ಎನ್ನುವ ಹಾಗೆ ಹೇಳಿದರು: 'ಫೋಟೊ ತೆಗದ್ದೇ ಅದು. ಮತ್ತೆ ಅದ್ರೊಳಗೆ ಹ್ಯಾಂಗೆ ಬತ್ತು?'

ಕ್ಯಾಮೆರಾ ಗಣೇಶಮೂರ್ತಿಯವರದ್ದು. ಯಾವಾಗಲೂ ಅವರೇ ತೆಗೆಯುವವರು. ಅವತ್ತು ಹೆಂಡತಿ ಹಟ ಹಿಡಿದು ಅವರನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಯಾರು ಒತ್ತುವುದು ಎಂದಾಗ ವರದತ್ತೆ ತಾನಾಗಿ ಮುಂದೆ ಬಂದರಂತೆ. ಹೊಲಿಗೆಗಿಂತ ಆ ಪೆಟ್ಟಿಗೆಯ ಮೇಲೆಯೇ ಅವರ ಕಣ್ಣು, ದಿನಾ ಒಂದೊಂದು ಪ್ರಶ್ನೆ ಕೇಳಿ ಯಜಮಾನರ ತಲೆ ತಿನ್ನುತ್ತಿದ್ದರಂತೆ.

ಈಗ ನನ್ನದೊಂದು ವಿಷಯ. ನಿಮಗೆ ಕಳಿಸಿದ ಗುಂಪಿನ ಫೋಟೊದಲ್ಲಿ ಕೆಳಗಿನ ಅಂಚನ್ನು ಕತ್ತರಿಸಿದ್ದೆ. ಮೂಲದಲ್ಲಿ ಹೊಲಿಗೆ ಯಂತ್ರದ ಮುಂದೆ, ನೆಲದ ಮೇಲೆ, ತೆಗೆದವರ ನೆರಳು ಬಿದ್ದಿದೆ. ಬೆಳಗಿನ ಬಿಸಿಲು ಬೆನ್ನಿಗಿದ್ದರೆ ಹೀಗಾಗುತ್ತದೆ. ಹೊಸಬರೆಲ್ಲ ಮಾಡುವ ತಪ್ಪು, ನಾನೂ ಮಾಡಿದ್ದೇನೆ. ದೋಷವೆಂದು ತೆಗೆದುಹಾಕಿದ್ದೆ. ನಿನ್ನೆ ಸಂಜೆ ಆ ಅಂಚನ್ನು ಮತ್ತೆ ತಂದು ದೊಡ್ಡದು ಮಾಡಿ ನೋಡಿದೆ. ತಲೆ ಇದೆ, ಕ್ಯಾಮೆರಾ ಹಿಡಿದ ಎರಡು ಮೊಣಕೈ ಇವೆ. ಬಲಕ್ಕೆ ಗಾಳಿಗೆ ಎದ್ದ ಸೆರಗೋ ಲಂಗದ ಅಂಚೋ ತಿಳಿಯುವುದಿಲ್ಲ. ಅಂಚು ಕತ್ತರಿಸದ ಪ್ರತಿಯನ್ನು ಇದರೊಂದಿಗೆ ಇಟ್ಟಿದ್ದೇನೆ.

ಅಪ್ಪನನ್ನು ಕೇಳಿದೆ. ಅವರಿಗೆ ಆ ದಿನವೇ ಗೊತ್ತಾಗಿತ್ತಂತೆ. 'ಅಕ್ಕನ ಹಣೆ ಅಗಲ ಇತ್ತು' ಅಂದರು. ಮತ್ತೆ ಯಾಕೆ ಹೇಳಲಿಲ್ಲ ಎಂದೆ. 'ಅಮ್ಮ ಹೂ ಹಾಕಿ ಆಗಿತ್ತಲ್ಲೋ. ಮಗಳಿಗೆ ಅಂತ ಒಂದ್ಸಲ ಹಾಕಿದ ಹೂ. ತೆಗಿ ಅನ್ಲಾ?'

ಆದರೆ ಅದು ಬದುಕಿರುವವರ ಫೋಟೊ, ಅದಕ್ಕೆ ದಿನಾ ಮಾಲೆ ಬೀಳುತ್ತಿದೆ ಎಂದು ನಿನ್ನೆ ಗೊತ್ತಾದಾಗಿನಿಂದ ಅಪ್ಪ ಆ ಕೋಣೆಗೇ ಹೋಗಿಲ್ಲ. ಅಜ್ಜಿಗೆ ಗೊತ್ತಾಗದ ಹಾಗೆ ಫ್ರೇಮಿನೊಳಗಿನ ಫೋಟೊವನ್ನು ಬದಲಿಸಿಬಿಡೋಣ ಎಂದು ಸುನಿಲ ಹೇಳುತ್ತಾನೆ. ಅವಳಿಗೆ ಕಾಣುವುದಿಲ್ಲವಲ್ಲ ಎಂಬುದು ಅವನ ಲೆಕ್ಕ. ಏನು ಮಾಡಲಿ, ನೀವೇ ಹೇಳಿ.

ನಿರಂಜನ


ಬೀದರ್
11 ಮೇ 2024

ನಿರಂಜನ,

ಫೋಟೊ ತಲುಪಿದೆ. ಮುಖ ಸಿಗಲಿಲ್ಲ. ಅದಕ್ಕೆ ದುಃಖವಾಯಿತು, ಆಗಲಿಲ್ಲ ಎಂದು ಬರೆದರೆ ಸುಳ್ಳು. ಎರಡು ದಿನ ಅದನ್ನು ಡ್ರಾಯರಿನೊಳಗೆ ಇಟ್ಟುಬಿಟ್ಟೆ. ಮೂರನೆಯ ದಿನ ಫೋಟೊವನ್ನು ಮತ್ತೆ ತೆಗೆದಾಗ ಇಷ್ಟು ದಿನ ನೋಡಿರದ ಒಂದು ಕಂಡಿತು. ಇದರಲ್ಲಿರುವವರೆಲ್ಲ ನನ್ನ ತಾಯಿಯನ್ನೇ ನೋಡುತ್ತಿದ್ದಾರೆ. ವಾಗ್ದೇವಿಯಮ್ಮನವರದ್ದು ಸ್ವಲ್ಪ ಆತಂಕದ ನೋಟ. ಅವರ ಯಜಮಾನರು ಬಾಯಿ ಅರ್ಧ ತೆರೆದಿದ್ದಾರೆ, ಹೀಗಲ್ಲ ಹಾಗೆ ಹಿಡಿ ಎಂದು ಹೇಳುತ್ತಿರಬೇಕು. ಯಮುನಮ್ಮ ನಗು ತಡೆದುಕೊಂಡಿದ್ದಾರೆ. ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿನ ನನ್ನ ತಾಯಿ ಆ ಕ್ಷಣ ಏನು ಮಾಡುತ್ತಿದ್ದಳು? ನಾಲಿಗೆ ಕಚ್ಚಿದ್ದಳೋ, ಒಂದು ಕಣ್ಣು ಮುಚ್ಚಲು ಬಾರದೆ ಎರಡನ್ನೂ ಮುಚ್ಚಿದ್ದಳೋ? ಅದನ್ನು ಕಂಡ ಒಬ್ಬರು ಇಲ್ಲಿಂದ ಒಂದು ರಾತ್ರಿ ಒಂದು ಹಗಲಿನ ದಾರಿಯಲ್ಲಿ, ಸಾಗರದ ಪೇಟೆಯಲ್ಲಿ, ರವಿಕೆ ಹೊಲಿಯುತ್ತ ಕೂತಿದ್ದಾರೆ.

ಸುನಿಲನಿಗೆ ಬೇಡ ಎಂದು ಹೇಳು. ಅಜ್ಜಿಗೆ ಕಣ್ಣು ಕಾಣದಿರುವುದನ್ನು ನಾವು ಬಳಸಿಕೊಳ್ಳಬಾರದು. ನಾನು ಬರುವವರೆಗೆ ನೀನೂ ಹೇಳಬೇಡ, ಮಾವನೂ ಹೇಳುವುದು ಬೇಡ. ಮಗಳದ್ದೆಂದು ಸಿಕ್ಕ ಮುಖವನ್ನು ಕಿತ್ತುಕೊಂಡು ಅಜ್ಜಿಯನ್ನು ಬರಿಗೈಯಲ್ಲಿ ಬಿಡಲು ನನ್ನಿಂದಾಗದು. ಹಾಗಾಗಿ ಹೀಗೆ ಯೋಚಿಸಿದ್ದೇನೆ. ಮೊದಲು ಸಾಗರದಲ್ಲಿ ಇಳಿದು ಯಮುನಮ್ಮನವರನ್ನು ಕಾಣುತ್ತೇನೆ. ಅವರ ಫೋಟೊಕ್ಕೆ ಮಾಲೆ ಬಿದ್ದಿರುವುದನ್ನು ಅವರಿಗೆ ಮುಚ್ಚಿಡದೆ ಹೇಳುತ್ತೇನೆ. ಬೈದರೆ ಬೈಸಿಕೊಳ್ಳುತ್ತೇನೆ. ಒಪ್ಪಿದರೆ ಅವರನ್ನೇ ಹೊಸನಗರಕ್ಕೆ ಕರೆತಂದು ಅಜ್ಜಿಯ ಮಂಚದ ಹತ್ತಿರ ಕೂರಿಸುತ್ತೇನೆ. ಅವರು ಕಂಡದ್ದನ್ನು ಅವರ ಬಾಯಿಂದಲೇ ಅಜ್ಜಿ ಕೇಳಲಿ. ಆಮೇಲೆ ಮಾಲೆಯನ್ನು ಏನು ಮಾಡಬೇಕೆಂದು ಅಜ್ಜಿಯೇ ಹೇಳಲಿ.

ಯಮುನಮ್ಮ ಒಪ್ಪದಿದ್ದರೆ ನಾನೊಬ್ಬಳೇ ಬಂದು ಹೇಳುತ್ತೇನೆ.

ರಜೆಯ ಅರ್ಜಿ ಇನ್ನೂ ಬರೆದಿಲ್ಲ. ಟಿಕೆಟ್ಟೂ ತೆಗೆದಿಲ್ಲ. ಆದರೆ ಜೂನ್ ಮೊದಲ ವಾರ ಬರುವುದು ಎಂದು ತೀರ್ಮಾನಿಸಿದ್ದೇನೆ.

ಸುಚಿತ್ರಾ